ಪಾಲಖಿ ಹೋದ ಮೇಲೆ

(ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಮುಂಗಾರು ಕಾಲಿಟ್ಟಿತೆಂದರೆ ಆಳಂದಿಯಿಂದ ಜ್ಞಾನೇಶ್ವರರ ಪಾಲಖಿ, ದೇಹುವಿನಿಂದ ತುಕಾರಾಮರ ಪಾಲಖಿ ಪುಣೆಗೆ ಬರುತ್ತವೆ. ಬಿತ್ತನೆಯ ಚಿಂತೆಯನ್ನು ಮಳೆರಾಯನಿಗೆ ಒಪ್ಪಿಸಿ ರೈತರು ತೊಯ್ದ ಬಟ್ಟೆಯಲ್ಲೇ ಪಂಢರಪುರಕ್ಕೆ ನಡೆಯುತ್ತಾರೆ. ನಾವೂ ಬೀದಿಗೆ ಬಂದು ಚಹ ಕೊಡುತ್ತೇವೆ, ಕೈ ಮುಗಿಯುತ್ತೇವೆ. ಪಾಲಖಿ ಹಡಪಸರ ದಾಟಿದ ಮೇಲೆ ನಮ್ಮ ಭಕ್ತಿ ಎಲ್ಲಿ ಹೋಗುತ್ತದೆ? ಇದೇ ಇಂದಿನ ಪ್ರಶ್ನೆ.

ಪುಣೆಯ ಡೆಕ್ಕನ್ ಕಾಲೇಜಿನ ಇರಾವತಿ ಕರ್ವೆಯವರು ಈ ವಾರಿಯಲ್ಲಿ ತಾವೇ ನಡೆದು ಒಂದು ಲೇಖನ ಬರೆದರು. ದಾರಿಯುದ್ದಕ್ಕೂ ಒಂದೇ ದೇವರನ್ನು ಹಾಡಿದ ಜನ ಊಟದ ಹೊತ್ತಿಗೆ ಜಾತಿ ಜಾತಿಯಾಗಿ ಬೇರೆ ಕುಳಿತದ್ದನ್ನು ಕಂಡು ಅವರ ಮನಸ್ಸು ನೊಂದಿತು. ಹಾಡು ಒಂದು, ಪಂಕ್ತಿ ಎರಡು. ರೋಗ ಅಲ್ಲಿದೆ.

ಈ ರೋಗಕ್ಕೆ ಔಷಧ ಹುಡುಕಿದವರಲ್ಲಿ ಒಬ್ಬರು ನಮ್ಮ ಜಮಖಂಡಿಯವರು. ವಿಠ್ಠಲ ರಾಮಜಿ ಶಿಂದೆ, ಹುಟ್ಟಿದ್ದು 1873ರಲ್ಲಿ. ತಂದೆ ವಾರಕರಿ, ಪಂಢರಪುರದ ಭಕ್ತರು. ಮೂರು ನಾಲ್ಕು ವರ್ಷದ ಕೂಸಾಗಿದ್ದಾಗಲೇ ನಮ್ಮ ಸೀಮೆಯನ್ನು 1876-78ರ ಭೀಕರ ಬರ ಸುಟ್ಟಿತು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, 1901ರಲ್ಲಿ ವಿಲಾಯತಿಗೆ ಹೋಗಿ ಆಕ್ಸ್‌ಫರ್ಡಿನಲ್ಲಿ ಎರಡು ವರ್ಷ ಎಲ್ಲ ಧರ್ಮಗಳನ್ನೂ ಅಭ್ಯಾಸ ಮಾಡಿದರು. ಹಿಂತಿರುಗಿ ಮುಂಬಯಿಯ ಪ್ರಾರ್ಥನಾ ಸಮಾಜದ ಧರ್ಮಪ್ರಚಾರಕರಾದರು.

ಮಂದಿರದಲ್ಲಿ ಉಪದೇಶ ಮಾಡಿಕೊಂಡು ಸುಖವಾಗಿ ಇರಬಹುದಾಗಿತ್ತು. ಇರಲಿಲ್ಲ. 1906ರ ಅಕ್ಟೋಬರ್ 18ರಂದು, ದೀಪಾವಳಿಯ ದಿನಗಳಲ್ಲೇ, ಗಿರಣಿಗಳ ಪರಳದಲ್ಲಿ ಅಸ್ಪೃಶ್ಯರೆನಿಸಿದವರ ಮಕ್ಕಳಿಗೆ ಶಾಲೆ ತೆರೆದರು. ದೀಪ ಹಚ್ಚುವುದೆಂದರೆ ಇದು! ಹೀಗೆ ಹುಟ್ಟಿದ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಮುಂದೆ ಪುಣೆಯಲ್ಲೂ ನೆಲೆಯೂರಿತು. ನಾನಾ ಪೇಟೆಯ ಅಹಲ್ಯಾಶ್ರಮ ಅದರದೇ. ಅಣ್ಣನ ಜತೆಗೆ ತಂಗಿ ಜನಾಬಾಯಿಯವರೂ ದುಡಿದರು. 1917ರಲ್ಲಿ ಕಲಕತ್ತೆಯ ಕಾಂಗ್ರೆಸ್ಸು ಅಸ್ಪೃಶ್ಯತೆಯ ವಿರುದ್ಧ ಠರಾವು ಮಾಡಿದ್ದರ ಹಿಂದೆ ಶಿಂದೆಯವರ ಶ್ರಮವಿತ್ತು. 1928ರಲ್ಲಿ ಪುಣೆಯ ರೈತ ಪರಿಷತ್ತಿಗೆ ಅವರೇ ಅಧ್ಯಕ್ಷರು. 1930ರಲ್ಲಿ, ಐವತ್ತೇಳನೆಯ ವಯಸ್ಸಿನಲ್ಲಿ, ಉಪ್ಪಿನ ಸತ್ಯಾಗ್ರಹಕ್ಕಾಗಿ ಯೆರವಡಾ ಜೈಲು ಕಂಡರು. 1944ರಲ್ಲಿ ತೀರಿಕೊಂಡರು.

ಅವರ ಮಾರ್ಗವನ್ನು ಎಲ್ಲರೂ ಪೂರ್ತಿ ಒಪ್ಪಲಿಲ್ಲ. ಡಾ. ಅಂಬೇಡ್ಕರರಿಗೂ ಅವರಿಗೂ ಪ್ರತ್ಯೇಕ ಮತದಾರ ಸಂಘದ ವಿಷಯದಲ್ಲಿ ಭಿನ್ನಾಭಿಪ್ರಾಯವಿತ್ತು. 1927ರಲ್ಲಿ ಅಂಬೇಡ್ಕರರು ಮಹಾಡದ ಕೆರೆಯ ನೀರು ಮುಟ್ಟಿದಾಗ ಕೇಳಿದ್ದು ದಯೆಯನ್ನಲ್ಲ, ಹಕ್ಕನ್ನು. ಆ ಹಕ್ಕು 1950ರಲ್ಲಿ ಸಂವಿಧಾನದ 17ನೆಯ ವಿಧಿಯಾಯಿತು. 1955ರ ಕಾಯದೆ ಹೋಟೆಲಿನ ಬಾಗಿಲನ್ನೂ ಎಲ್ಲರಿಗೂ ತೆರೆಸಿತು. ಧರ್ಮ ಮನಸ್ಸನ್ನು ತಿದ್ದಬೇಕು, ಕಾಯದೆ ಕೈಯನ್ನು ತಡೆಯಬೇಕು. ನಮಗೆ ಎರಡೂ ಬೇಕು.

ಬಂಧುಗಳೇ, ಬಾಗಿಲು ತೆರೆಯಿತು. ಒಳಗೆ ಅಡಿಗೆಮನೆ? ಒಲೆಯ ಮುಂದೆ ಯಾವ ಜಾತಿ, ಮೋರಿಯ ಮುಂದೆ ಯಾವ ಜಾತಿ ಎಂದು ಹೆಸರು ಕೇಳುವ ಮೊದಲೇ ತೀರ್ಮಾನವಾದರೆ ಅದು ಬರೀ ಮಡಿ ಮೈಲಿಗೆಯಲ್ಲ, ಸಂಬಳದ ಪ್ರಶ್ನೆ. ಭಟ್ಟರ ಪಗಾರವೆಷ್ಟು, ಕ್ಲೀನರ್ ಹುಡುಗನ ಪಗಾರವೆಷ್ಟು, ನಮಗೆಲ್ಲ ಗೊತ್ತು. ಮೋರಿಯ ಮುಂದೆ ಕೂತವನಿಗೆ ಹಿಟ್ಟು ರುಬ್ಬಲು, ದೋಸೆ ಹುಯ್ಯಲು ಕಲಿಸದಿದ್ದರೆ ಅವನು ಜನ್ಮವಿಡೀ ಅಲ್ಲೇ. ಮಾಲೀಕನ ಎದುರು ನಾವು ಎರಡು ಪಂಕ್ತಿಯಾಗಿ ನಿಂತರೆ ಲಾಭ ಯಾರಿಗೆ? ಗಿರಣಿಯಲ್ಲಿ ದುಡಿದ ಹಿರಿಯರನ್ನು ಕೇಳಿರಿ. ಒಡೆದ ಮುಷ್ಕರ ಗೆದ್ದದ್ದುಂಟೇ?

ಆದ್ದರಿಂದ ನಮ್ಮ ಸೂಚನೆ ಎರಡೇ. ಶ್ರಾವಣದ ಸಂಘದ ಊಟದಲ್ಲಿ ಒಂದೇ ಪಂಕ್ತಿ. ಅಡಿಗೆ, ಬಡಿಸುವುದು, ಎಲೆ ಎತ್ತುವುದು ಎಲ್ಲವೂ ಸರದಿಯ ಮೇಲೆ. ಎರಡನೆಯದು, ನಮ್ಮ ಸದಸ್ಯರಾದ ಅಡಿಗೆಯವರು ಒಬ್ಬೊಬ್ಬ ಕ್ಲೀನರ್ ಹುಡುಗನಿಗೆ, ಜಾತಿ ಕೇಳದೆ, ಕಸುಬು ಕಲಿಸಬೇಕು.

ಮಳೆ ಎಲ್ಲರ ಹೊಲದ ಮೇಲೂ ಬೀಳುತ್ತದೆ. ಹದದಲ್ಲಿ ಬಿತ್ತಿದವನಿಗೆ ಮಾತ್ರ ಬೆಳೆ. ಪಾಲಖಿ ಬಂದಾಗ ಮನಸ್ಸು ಹಸಿಯಾಗುತ್ತದೆ. ಆ ಹಸಿ ಆರುವ ಮುಂಚೆ ಬಿತ್ತೋಣ. ಸೂಚನೆಗಳನ್ನು ಸಭೆಯ ಮುಂದಿಟ್ಟಿದ್ದೇವೆ. ಒಪ್ಪುವವರು ಕೈ ಎತ್ತಬೇಕು.