ಕೀಲೆಣ್ಣೆಯಿಂದ ಕೂಲಂಟ್‌ವರೆಗೆ

ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆ ಹೊರಟವರು ಗಬ್ಬೂರ ದಾಟಿದರೆ ಊರು ಬಿಟ್ಟ ಹಾಗೆ. ಆ ಕಡೆಯಿಂದ ಬಂದವರಿಗೆ ಗಬ್ಬೂರ ಕಂಡರೆ ಮನೆ ಮುಟ್ಟಿದ ಹಾಗೆ. ಪುಣೆ-ಬೆಂಗಳೂರು ಹೆದ್ದಾರಿಯ ಬೈಪಾಸ್ ಇಲ್ಲಿಂದಲೇ ಕವಲೊಡೆದು, ಸುಮಾರು 30 ಕಿಲೋಮೀಟರ್ ಓಡಿ, ಧಾರವಾಡದಾಚೆ ನರೇಂದ್ರದ ಹತ್ತಿರ ಹಳೇ ರಸ್ತೆಯನ್ನು ಕೂಡುತ್ತದೆ.

ಬೆಳಗಿನ ಜಾವ ಗಬ್ಬೂರ ಕ್ರಾಸಿನಲ್ಲಿ ನಿಂತರೆ ಒಂದು ಸದ್ದು ಕೇಳುತ್ತದೆ. ರಸ್ತೆಯ ಪಕ್ಕ ಲಾರಿ ನಿಂತಿರುತ್ತದೆ. ಕ್ಲೀನರ್ ಹುಡುಗ ಕಬ್ಬಿಣದ ರಾಡು ಹಿಡಿದು ಒಂದೊಂದೇ ಟೈರಿಗೆ ಬಡಿಯುತ್ತ ಸುತ್ತು ಬರುತ್ತಾನೆ. ಗಾಳಿ ತುಂಬಿದ ಟೈರಿಗೆ ಬಡಿದರೆ ರಾಡು ಪುಟಿದು ಮೇಲೇಳುತ್ತದೆ, ದನಿ ಬಿಗಿಯಾಗಿರುತ್ತದೆ. ಗಾಳಿ ಇಳಿದದ್ದು 'ದಪ್' ಎಂದು ಸುಮ್ಮನಾಗುತ್ತದೆ. ಹಿಂದಿನ ಜೋಡಿ ಟೈರುಗಳಲ್ಲಿ ಒಳಗಿನದು ಇಳಿದರೂ ಹೊರಗಿನದು ಭಾರ ಹೊತ್ತು ನಿಂತಿರುತ್ತದೆ, ಕಣ್ಣಿಗೆ ತಿಳಿಯುವುದಿಲ್ಲ. ಕಿವಿಯೇ ಹೇಳಬೇಕು. ಅಷ್ಟು ಹೊತ್ತಿಗೆ ಡ್ರೈವರು ಎಂಜಿನ್ನಿನ ಎಣ್ಣೆ ಕಡ್ಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ, ಹೆಡ್‌ಲೈಟಿನ ಬೆಳಕಿಗೆ ಹಿಡಿದು ನೋಡಿರುತ್ತಾನೆ. ಆಮೇಲೆ ಗಾಡಿ ಹೊರಡುತ್ತದೆ.

ಹೊರಡುವ ಮುನ್ನ ಗಾಡಿ ನೋಡುವ ಈ ಪದ್ಧತಿ ಮೋಟಾರಿನ ಜೊತೆ ಬಂದದ್ದಲ್ಲ. ಅದಕ್ಕಿಂತ ಬಹಳ ಹಳೆಯದು. ಅದು ಬೆಳೆದು ಬಂದ ದಾರಿಯನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ನಮ್ಮ ಅಜ್ಜನ ಚಕ್ಕಡಿಯ ಅಡಿಗೆ ಒಂದು ಬಿದಿರಿನ ಗೊಟ್ಟ ತೂಗಾಡುತ್ತಿತ್ತು. ಅದರಲ್ಲಿ ಕೀಲೆಣ್ಣೆ. ಔಡಲ ಎಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಮಾಡಿದ ಕಪ್ಪು ಮುದ್ದೆ. ಬರಿಯ ಎಣ್ಣೆ ಹಚ್ಚಿದರೆ ಗಾಲಿ ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಹರಿದು ಕೆಳಗಿಳಿಯುತ್ತದೆ. ಕರಿ ಅದನ್ನು ಹಿಡಿದು ನಿಲ್ಲಿಸುತ್ತದೆ. ಇವತ್ತಿನ ಗ್ರೀಸ್ ಕೂಡ ಇದೇ ವಿಚಾರದ್ದು: ಎಣ್ಣೆ, ಅದನ್ನು ಹರಿಯಗೊಡದೆ ಹಿಡಿದಿಡುವ ಇನ್ನೊಂದು ವಸ್ತು. ಅಜ್ಜ ಕಡಾಣಿ ಕಿತ್ತು, ಗಾಲಿಯನ್ನು ಒಂದು ಗೇಣು ಈಚೆಗೆ ಸರಿಸಿ, ಕಡ್ಡಿಯಿಂದ ಅಚ್ಚಿನ ಮೈಗೆಲ್ಲ ಬಳಿದು, ಗಾಲಿಯನ್ನು ಹಿಂದಕ್ಕೆ ದಬ್ಬುತ್ತಿದ್ದರು. ಸಂತೆಗೆ ಹೊರಟವರಿಗೆಲ್ಲ ಅವರ ಮೊದಲ ಮಾತು ಒಂದೇ: "ಎಣ್ಣಿ ನೋಡಿದೇನು?"

ಅದು ಬರೀ ಅಭ್ಯಾಸಬಲದ ಮಾತಾಗಿರಲಿಲ್ಲ. ಒಣಗಿದ ಅಚ್ಚು ಕಿರುಗುಟ್ಟುತ್ತದೆ, ಕಾಯುತ್ತದೆ, ಗಾಲಿಯ ಗುಂಬವನ್ನು ಒಳಗಿಂದ ತಿನ್ನುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಎತ್ತಿನ ಹೆಗಲು ನೋಯುತ್ತದೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತಾಗ, ನಮ್ಮ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಹುಬ್ಬಳ್ಳಿಯ ಕಡೆಯ ಅಂಡಿಗೆಗಳು ಬಂಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋದವು. ಆ ಹತ್ತಿಗೆ ಬಂದರಿನ ಹೆಸರೇ ಅಂಟಿ 'ಕುಮಟಾ' ಎಂದೇ ಹೆಸರಾಯಿತು. ಅಷ್ಟು ಭಾರ ಅಷ್ಟು ದೂರ ಸಾಗಬೇಕಾದರೆ ಪ್ರತಿ ಬಂಡಿಗೂ ಒಂದು ಗೊಟ್ಟ ಎಣ್ಣೆ ಬೇಕೇ ಬೇಕಿತ್ತು.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಗೆ ಬಂತು, ದೊಡ್ಡ ಕಾರ್ಯಾಗಾರವೂ ಎದ್ದಿತು. ಗಾಲಿ ಕಬ್ಬಿಣದ್ದಾಯಿತು, ಕೆಲಸ ಮಾತ್ರ ಅದೇ ಉಳಿಯಿತು. ಆ ಕಾಲದ ರೈಲು ಡಬ್ಬಿಗಳ ಅಚ್ಚಿನ ತುದಿ ಒಂದು ಪೆಟ್ಟಿಗೆಯೊಳಗೆ ಇರುತ್ತಿತ್ತು. ಅದರೊಳಗೆ ಎಣ್ಣೆಯಲ್ಲಿ ನೆನೆಸಿದ ನೂಲಿನ ಚಿಂದಿ ತುರುಕುತ್ತಿದ್ದರು. ಎಣ್ಣೆ ಆರಿದರೆ ಅಚ್ಚು ಕಾದು ಹೊಗೆ ಏಳುತ್ತಿತ್ತು, ಬೆಂಕಿಯೂ ಹತ್ತುತ್ತಿತ್ತು. ರೈಲು ನಿಂತಲ್ಲೆಲ್ಲ ಒಬ್ಬಾತ ಸುತ್ತಿಗೆ ಹಿಡಿದು ಗಾಲಿಗಳನ್ನು ಬಡಿಯುತ್ತ ಹೋಗುತ್ತಿದ್ದ. ಬಿರುಕಿಲ್ಲದ ಗಾಲಿ ಗಂಟೆಯ ಹಾಗೆ ದನಿ ಕೊಡುತ್ತದೆ, ಬಿರುಕಿದ್ದದ್ದು ಒಡಕು ದನಿ. ಗಬ್ಬೂರ ಕ್ರಾಸಿನ ಕ್ಲೀನರ್ ಹುಡುಗನ ರಾಡಿಗೆ ಆ ಸುತ್ತಿಗೆ ಹಿರಿಯಣ್ಣ.

ಇನ್ನು ಮೋಟಾರು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿಗೆ ಎಣ್ಣೆ ಅಳೆಯುವ ಕಡ್ಡಿಯೇ ಇರಲಿಲ್ಲ. ಎಂಜಿನ್ನಿನ ತಳದಲ್ಲಿ ಮೇಲೊಂದು ಕೆಳಗೊಂದು ಎರಡು ಚಿಕ್ಕ ನಲ್ಲಿಗಳಿದ್ದವು. ಕಾರಿನ ಅಡಿಗೆ ಕೈಹಾಕಿ ತಿರುಗಿಸಬೇಕು. ಕೆಳಗಿನದರಿಂದಲೂ ಎಣ್ಣೆ ಬರದಿದ್ದರೆ ಅಪಾಯ. 1911ರಲ್ಲಿ ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘ ಎಣ್ಣೆಯ ದಪ್ಪಕ್ಕೆ ಸಂಖ್ಯೆ ಕೊಡುವ ಪದ್ಧತಿ ತಂದಿತು. ಇವತ್ತು ಡಬ್ಬಿಯ ಮೇಲೆ ನೀವು ಓದುವ 20ಡಬ್ಲ್ಯೂ-40, 5ಡಬ್ಲ್ಯೂ-30 ಅದೇ ಪದ್ಧತಿಯ ಮುಂದುವರಿಕೆ. ಮೊದಲ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಕ್ಕೆ, ಎರಡನೆಯದು ಎಂಜಿನ್ ಕಾದಾಗ ಎಷ್ಟು ದಪ್ಪ ಉಳಿಸಿಕೊಳ್ಳುತ್ತದೆ ಎಂಬುದಕ್ಕೆ. 1923ರಲ್ಲಿ ಎಣ್ಣೆ ಸೋಸುವ ಫಿಲ್ಟರ್ ಬಂತು.

ನಮ್ಮ ಔಡಲ ಎಣ್ಣೆ ಇಲ್ಲಿಗೂ ಬಂದಿದೆ, ಕೇಳಿ. 1909ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೇಕ್‌ಫೀಲ್ಡರ ಕಂಪನಿ ವಿಮಾನ ಮತ್ತು ಮೋಟಾರುಗಳಿಗಾಗಿ ಹೊಸ ಎಣ್ಣೆ ತಯಾರಿಸಿದಾಗ ಅದಕ್ಕೆ ಬೆರೆಸಿದ್ದು ಔಡಲ ಎಣ್ಣೆಯನ್ನೇ. ಇಂಗ್ಲಿಷಿನಲ್ಲಿ ಔಡಲಕ್ಕೆ ಕ್ಯಾಸ್ಟರ್ ಎನ್ನುತ್ತಾರೆ, ಹಾಗಾಗಿ ಹೆಸರು ಕ್ಯಾಸ್ಟ್ರಾಲ್. 1921ರಲ್ಲಿ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಗಾಲಿಗಳಿಗೆ ದ್ರವದ ಒತ್ತಡದಿಂದ ನಡೆಯುವ ಬ್ರೇಕು ಬಂತು. ಮುಂದೆ ಬಹುಕಾಲ ಬ್ರೇಕಿನ ಎಣ್ಣೆ ಎಂದರೆ ಔಡಲ ಎಣ್ಣೆ ಮತ್ತು ಆಲ್ಕೋಹಾಲಿನ ಮಿಶ್ರಣ. ಅಜ್ಜನ ಬಿದಿರು ಗೊಟ್ಟದಲ್ಲಿದ್ದದ್ದೇ ಮೋಟಾರಿನ ಬ್ರೇಕಿಗೂ ಬಂತು ಎಂದು ತಿಳಿದ ದಿನ ನನಗಾದ ಸಂತೋಷವನ್ನು ಹೇಳಲಾರೆ.

ನಮ್ಮ ಕಡೆ ಈ ಕೆಲಸಕ್ಕೆ ಶಿಸ್ತು ತಂದುಕೊಟ್ಟದ್ದು ಬಸ್ ಡಿಪೋಗಳು. ಹುಬ್ಬಳ್ಳಿ ಮೊದಲು ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದೆವು. 1961ರಲ್ಲಿ ರಾಜ್ಯದ ರಸ್ತೆ ಸಾರಿಗೆ ನಿಗಮವಾಯಿತು. 1997ರಲ್ಲಿ ಹುಬ್ಬಳ್ಳಿಯನ್ನೇ ಕೇಂದ್ರವಾಗಿಟ್ಟುಕೊಂಡು ವಾಯವ್ಯ ಕರ್ನಾಟಕ ಸಾರಿಗೆ ಸಂಸ್ಥೆ ಹುಟ್ಟಿತು. ರಾತ್ರಿ ಡಿಪೋಕ್ಕೆ ಬಂದ ಬಸ್ಸಿಗೆ ದಿನದ ತಪಾಸಣೆ ಬೇರೆ, ವಾರದ್ದು ಬೇರೆ, ಇಷ್ಟು ಕಿಲೋಮೀಟರಿಗೆ ಒಮ್ಮೆ ಡಾಕಿಂಗ್ ಎಂಬ ದೊಡ್ಡ ತಪಾಸಣೆ ಬೇರೆ. ಬ್ರೇಕು ಎಳೆಯುತ್ತಿದ್ದರೆ, ಸ್ಟಿಯರಿಂಗ್ ಆಡುತ್ತಿದ್ದರೆ ಡ್ರೈವರು ಬರೆದಿಟ್ಟು ಮನೆಗೆ ಹೋಗಬೇಕು. ಲಾರಿ ಉದ್ಯಮವೂ ಹೀಗೆಯೇ ಬೆಳೆಯಿತು. 1976ರಲ್ಲಿ ಗದಗದಲ್ಲಿ ವಿಜಯ ಸಂಕೇಶ್ವರರು ಒಂದೇ ಒಂದು ಲಾರಿಯಿಂದ ಶುರುಮಾಡಿದ ವಿಆರ್‌ಎಲ್‌ನ ನೋಂದಾಯಿತ ಕಚೇರಿ ಇವತ್ತು ಗಬ್ಬೂರಿನಿಂದ ಮುಂದೆ ಬೆಂಗಳೂರು ಹೆದ್ದಾರಿಯ ವರೂರಿನಲ್ಲಿದೆ. ಒಂದೇ ಗಾಡಿ ಇದ್ದವನಿಗೆ ಆ ಗಾಡಿ ನಿಂತ ದಿನ ಅನ್ನ ನಿಂತ ದಿನ. ಅದಕ್ಕೇ ಲಾರಿಯವರು ನೋಡುತ್ತಾರೆ.

ಕಾರಿನವರೂ ಒಂದು ಕಾಲಕ್ಕೆ ನೋಡುತ್ತಿದ್ದರು. ನಮ್ಮ ತಂದೆಯ ಅಂಬಾಸಿಡರ್ ಕಾರಿಗೆ ಭಾನುವಾರ ಬೆಳಿಗ್ಗೆ ಬಾನೆಟ್ ತೆಗೆಯುವುದು ಎಂದರೆ ದೇವರ ಪೂಜೆಯಷ್ಟೇ ಖಾಯಂ. ರೇಡಿಯೇಟರಿಗೆ ನೀರು, ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್, ಎಂಜಿನ್ನಿಗೆ ಎಣ್ಣೆ. ಮುಂದಿನ ಗಾಲಿಗಳ ಕೀಲುಗಳಿಗೆ ಆಗಾಗ ಗ್ರೀಸ್ ಹೊಡೆಸಬೇಕಿತ್ತು. ಮರೆತರೆ ಗಾಡಿಯೇ ನೆನಪು ಮಾಡುತ್ತಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಕಾರು ಹಗುರಾಯಿತು, ಉಪಚಾರ ಕಡಿಮೆಯಾಯಿತು. ಈಗಿನ ಅನೇಕ ಕಾರುಗಳಿಗೆ ವರ್ಷಕ್ಕೊಮ್ಮೆ ಅಥವಾ 10,000 ಕಿಲೋಮೀಟರಿಗೆ ಒಮ್ಮೆ ಎಣ್ಣೆ ಬದಲಿಸಿದರೆ ಸಾಕು. ಇದು ದೊಡ್ಡ ಅನುಕೂಲ. ಆದರೆ ಬದಲಿಸುವುದು ವರ್ಷಕ್ಕೊಮ್ಮೆ ಎಂದರೆ ನೋಡುವುದೂ ವರ್ಷಕ್ಕೊಮ್ಮೆ ಎಂದು ನಾವು ತಿಳಿದುಕೊಂಡೆವು. ತಪ್ಪಾದದ್ದು ಅಲ್ಲಿ.

ಆ ತಪ್ಪು ನನ್ನಿಂದಲೂ ಆಗಿದೆ. ಒಂದು ಏಪ್ರಿಲ್ ಮಧ್ಯಾಹ್ನ ಹಾವೇರಿಯಿಂದ ಕುಟುಂಬದೊಡನೆ ಬರುತ್ತಿದ್ದೆ. ಗಬ್ಬೂರಿಗೆ ಹತ್ತು ಕಿಲೋಮೀಟರ್ ಇರುವಾಗ ಶಾಖದ ಮುಳ್ಳು ಕೆಂಪು ಗೆರೆಗೆ ಏರಿತು. "ಊರು ಬಂತಲ್ಲ" ಎಂದು ಓಡಿಸಿಬಿಟ್ಟೆ. ಗಬ್ಬೂರ ಕ್ರಾಸಿನ ಹತ್ತಿರ ಎಂಜಿನ್ ತಾನಾಗಿಯೇ ನಿಂತಿತು. ಮೆಕ್ಯಾನಿಕ್ ಬಂದು ಎಣ್ಣೆ ಕಡ್ಡಿ ಎಳೆದು ನನ್ನ ಮುಂದೆ ಹಿಡಿದ. ಅದರ ಮೇಲಿದ್ದದ್ದು ಕಪ್ಪು ಎಣ್ಣೆಯಲ್ಲ, ಹಾಲು ಹಾಕಿದ ಚಹಾದ ಬಣ್ಣದ ನೊರೆ. ತಿಂಗಳುಗಟ್ಟಲೆ ಕೂಲಂಟ್ ಬದಲು ಬೋರ್‌ವೆಲ್ ನೀರು ತುಂಬಿದ್ದೆ. ಗಡಸು ನೀರಿನ ಸುಣ್ಣ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಪೊರೆಗಟ್ಟಿತ್ತು. ಎಂಜಿನ್ ಅತಿಯಾಗಿ ಕಾದು, ಹೆಡ್ ಗ್ಯಾಸ್ಕೆಟ್ ಒಡೆದು, ನೀರು ಎಣ್ಣೆಗೆ ಸೇರಿತ್ತು. ಆ ಬಿಸಿಲಿನಲ್ಲಿ ರಸ್ತೆ ಬದಿ ಕೂತ ಮಕ್ಕಳ ಮುಖ ನೋಡಿದಾಗ ಅಜ್ಜನ ಮಾತು ನೆನಪಾಗದೆ ಇರಲಿಲ್ಲ.

ಹಾಗಾದರೆ ನೋಡುವುದು ಹೇಗೆ? ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಎಂಜಿನ್ ಆರಿಸಿ ಹತ್ತು ನಿಮಿಷವಾಗಿರಲಿ. ಎಣ್ಣೆ ಕಡ್ಡಿಯನ್ನು ಮೊದಲ ಸಲ ಎಳೆದಾಗ ಕಂಡದ್ದನ್ನು ನಂಬಬೇಡಿ. ಒರೆಸಿ, ಪೂರ್ತಿ ಒಳಗೆ ಅದ್ದಿ, ಮತ್ತೆ ಎಳೆಯಿರಿ. ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಮೇಲಿನ ಗುರುತು ದಾಟಿದರೂ ಕೆಡುಕೇ. ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಗಿಂಡಿಯ ಕೆಂಪು ದೀಪ ಹತ್ತಿದರೆ ಅದು ಎಣ್ಣೆಯ ಒತ್ತಡ ಬಿದ್ದಿದೆ ಎಂಬ ಕೂಗು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಹಾಗೆ ಆ ಹೊತ್ತಿನಲ್ಲಿ ಕಣ್ಣು ಮುಚ್ಚಬೇಡಿ, ಮುಂದಿನ ಪೆಟ್ರೋಲ್ ಪಂಪಿನವರೆಗೂ ಹೋಗಬೇಡಿ. ಅಲ್ಲೇ ಬದಿಗೆ ತಂದು ಎಂಜಿನ್ ಆರಿಸಿ.

ಕೂಲಂಟ್‌ನ ಮಟ್ಟವನ್ನು ಗಾಡಿ ತಣ್ಣಗಿದ್ದಾಗ ಬಿಳಿ ಡಬ್ಬಿಯಲ್ಲಿ ಹೊರಗಿನಿಂದಲೇ ನೋಡಬಹುದು. ಎಂಜಿನ್ ಬಿಸಿ ಇರುವಾಗ ಮುಚ್ಚಳ ತೆಗೆಯಲೇಬೇಡಿ, ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಹಾರುತ್ತದೆ.

ಬ್ರೇಕ್ ಎಣ್ಣೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಈಗ ನಮ್ಮ ಕಾರುಗಳಲ್ಲಿರುವುದು ಔಡಲದ್ದಲ್ಲ, ಗ್ಲೈಕಾಲ್ ಜಾತಿಯದು. ಅದು ಉಪ್ಪಿನ ಹಾಗೆ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಎಣ್ಣೆ ಕುದಿಯಲು ಕನಿಷ್ಠ 205 ಡಿಗ್ರಿ ಶಾಖ ಬೇಕು. ಅದೇ ಎಣ್ಣೆ ಶೇಕಡಾ 3.7ರಷ್ಟು ನೀರು ಕುಡಿದ ಮೇಲೆ 140 ಡಿಗ್ರಿಗೇ ಕುದಿಯಬಹುದು. ಈಗ ಯಲ್ಲಾಪುರ ದಾಟಿ ಅಂಕೋಲೆಗೆ ಅರಬೈಲ್ ಘಟ್ಟ ಇಳಿಯುವುದನ್ನು ನೆನೆಯಿರಿ. ತಿರುವಿನ ಮೇಲೆ ತಿರುವು, ಬ್ರೇಕಿನ ಮೇಲೇ ಕಾಲು. ಶಾಖಕ್ಕೆ ಒಳಗಿನ ಎಣ್ಣೆ ಕುದಿದು ಆವಿಯಾದರೆ, ಆವಿ ಒತ್ತಿದಷ್ಟೂ ಕುಗ್ಗುತ್ತದೆ. ಪೆಡಲ್ ಹತ್ತಿಯ ಮೇಲೆ ಕಾಲಿಟ್ಟಂತೆ ಕೆಳಗಿಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಎಣ್ಣೆ ಬದಲಿಸಿ ಎನ್ನುವುದು ಇದೇ ಕಾರಣಕ್ಕೆ. ಇಳುಕಲಿನಲ್ಲಿ ಕೆಳಗಿನ ಗೇರ್ ಹಾಕಿ ಎನ್ನುವುದೂ ಇದೇ ಕಾರಣಕ್ಕೆ.

ಟೈರಿನ ಗಾಳಿಯನ್ನು ಗಾಡಿ ಓಡಿಸುವ ಮುಂಚೆ, ಟೈರು ತಣ್ಣಗಿರುವಾಗ ನೋಡಿಸಿ. ಕಾರಿನ ಟೈರಿನ ಹಲ್ಲು 1.6 ಮಿಲಿಮೀಟರಿಗೆ ಸವೆದರೆ ಅದರ ಆಯುಷ್ಯ ಮುಗಿದಂತೆ. ನಮ್ಮದು ಎರೆಮಣ್ಣಿನ ಸೀಮೆ, ಬೇಸಿಗೆಯ ಧೂಳು ಗಾಳಿಯ ಫಿಲ್ಟರನ್ನು ಬೇಗ ಮುಚ್ಚುತ್ತದೆ. ಪುಸ್ತಕದಲ್ಲಿ ಬರೆದದ್ದಕ್ಕಿಂತ ಮೊದಲೇ ಅದನ್ನು ತೆಗೆದು ನೋಡುವುದು ಒಳ್ಳೆಯದು.

ವಿದ್ಯುತ್ ಕಾರು ಬಂದರೆ ಇದೆಲ್ಲ ಮುಗಿಯಿತಲ್ಲ ಎಂದು ಕೇಳುವವರಿದ್ದಾರೆ. ಎಂಜಿನ್ ಎಣ್ಣೆ ಹೋಗುತ್ತದೆ, ನಿಜ. ಬ್ರೇಕಿನ ಎಣ್ಣೆ ಇರುತ್ತದೆ, ಟೈರು ಇರುತ್ತದೆ, ಅನೇಕ ಗಾಡಿಗಳಲ್ಲಿ ಬ್ಯಾಟರಿ ತಂಪಾಗಿಡುವ ಕೂಲಂಟ್ ಇರುತ್ತದೆ. ನೋಡುವ ಕಣ್ಣು ಆಗಲೂ ಬೇಕು.

ಕೊನೆಗೆ ಒಂದು ಮಾತು. ಲಾರಿ, ಬಸ್ಸುಗಳಿಗೆ ಕಾನೂನಿನ ಪ್ರಕಾರ ಮತ್ತೆ ಮತ್ತೆ ಫಿಟ್‌ನೆಸ್ ತಪಾಸಣೆ ಆಗಲೇಬೇಕು. ನಮ್ಮ ಸ್ವಂತ ಕಾರಿನ ನೋಂದಣಿ ಮಾತ್ರ ಒಮ್ಮೆ ಆದರೆ 15 ವರ್ಷ. ಅಷ್ಟೂ ವರ್ಷ ಬ್ರೇಕು ಹಿಡಿಯುತ್ತದೋ ಇಲ್ಲವೋ ಎಂದು ಫಿಟ್‌ನೆಸ್ ಅಧಿಕಾರಿ ನೋಡುವುದಿಲ್ಲ. ಅದಕ್ಕೆ ಡಿಪೋ ಇಲ್ಲ, ರಾಡು ಹಿಡಿದು ಸುತ್ತು ಬರುವ ಹುಡುಗನೂ ಇಲ್ಲ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೊರಡುವ ಆ ಗಾಡಿಯನ್ನು ನೋಡುವವರು ನಾವಷ್ಟೇ.

ಮಹಾನವಮಿಗೆ ಕಾರು ತೊಳೆದು ಚೆಂಡುಹೂವಿನ ಮಾಲೆ ಹಾಕುತ್ತೇವೆ. ಹಾಕೋಣ, ಅದು ಗಾಡಿಗೆ ನಾವು ಸಲ್ಲಿಸುವ ಗೌರವ. ಅದರ ಜೊತೆಗೆ ಡಿಕ್ಕಿಯಲ್ಲಿ ಒಂದು ಹಳೆಯ ಬನಿಯನ್ ಬಟ್ಟೆಯನ್ನೂ ಇಟ್ಟುಕೊಳ್ಳಿ. ಆರು ತಿಂಗಳ ನಂತರ ಅದನ್ನು ಹೊರತೆಗೆದು ನೋಡಿ. ಅದರ ಮೇಲೆ ಎಣ್ಣೆ ಕಡ್ಡಿ ಒರೆಸಿದ ಕಪ್ಪು ಗೆರೆಗಳು ಬಿದ್ದಿದ್ದರೆ ನಿಮ್ಮ ಗಾಡಿ ಒಳ್ಳೆಯ ಕೈಯಲ್ಲಿದೆ. ಬಟ್ಟೆ ಇನ್ನೂ ಬೆಳ್ಳಗೇ ಇದ್ದರೆ, ಅವತ್ತು ಗಾಡಿ ಹೊರಡಿಸಬೇಡಿ. ಮೊದಲು ಬಾನೆಟ್ ಎತ್ತಿ.