ಲೆಕ್ಕ ಕೇಳಲು ನಾಚಿಕೆ ಯಾಕೆ?

'ನಮ್ಮ ಮಕ್ಕಳು ಲೆಕ್ಕದಲ್ಲಿ ಜಾಣರು' ಎಂಬ ಹೆಮ್ಮೆ ನಮ್ಮ ಮನೆಗಳಲ್ಲಿದೆ. ಯೂನಿವರ್ಸಿಟಿಯಲ್ಲಿ ಆ ಹೆಮ್ಮೆಯೇ ನಿಮ್ಮ ಬಾಯಿ ಕಟ್ಟುತ್ತದೆ, ಅರ್ಥವಾಗದಿದ್ದರೂ ಕೇಳುವುದಿಲ್ಲ.

ಲಫ್‌ಬರೋ ಯೂನಿವರ್ಸಿಟಿ 1996ರಲ್ಲಿ ಗಣಿತಕ್ಕೊಂದು ನೆರವು ಕೇಂದ್ರ ತೆರೆಯಿತು. ಸಮಯ ಗೊತ್ತುಮಾಡದೆ, ಪುಸ್ತಕ ಹಿಡಿದು ಹೋಗಿ ಕೂತರೆ ಸಾಕು. ಕಲಿಸುವವರು ಪಕ್ಕಕ್ಕೇ ಬರುತ್ತಾರೆ. ಡಿಸ್ಲೆಕ್ಸಿಯಾ, ಡಿಸ್ಕ್ಯಾಲ್ಕುಲಿಯಾ ಇರುವವರಿಗೆ ಒಬ್ಬೊಬ್ಬರಿಗೇ ಕಲಿಸುವ ಏರ್ಪಾಡನ್ನೂ ಅದು ಮಾಡಿತು. ತಡವರಿಸುವವರಿಗೆಂದು ಶುರುವಾದಲ್ಲಿಗೆ ಒಳ್ಳೆಯ ಅಂಕದವರೂ ಬರತೊಡಗಿದರು. ಬಾಗಿಲ ಮೇಲೆ 'ದಡ್ಡರಿಗೆ ಮಾತ್ರ' ಎಂದು ಬರೆದಿರಲಿಲ್ಲವಲ್ಲ!

ಗಣಿತದಲ್ಲಿ ಒಂದು ಮೆಟ್ಟಿಲು ತಪ್ಪಿದರೆ ಮುಂದಿನದು ಎಟುಕುವುದಿಲ್ಲ. ಪರೀಕ್ಷೆಯವರೆಗೆ ಕಾಯಬೇಡಿ. ನಿಮ್ಮ ಯೂನಿವರ್ಸಿಟಿಯಲ್ಲಿ ಇಂಥ ಕೋಣೆ ಎಲ್ಲಿದೆ, ಈ ವಾರವೇ ವಿಚಾರಿಸಿ. ಹಿಂಜರಿಯುವ ಗೆಳೆಯರನ್ನೂ ಕರೆದೊಯ್ಯಿರಿ.

ಅಪ್ಪ ಅಮ್ಮಂದಿರಿಗೂ ಒಂದು ಮಾತು: ಅಂಕ ಎಷ್ಟು ಎನ್ನುವ ಮೊದಲು, ಅರ್ಥವಾಯಿತಾ ಎಂದು ಕೇಳಿ.