ಅತ್ತೆ ಹೇಳುವ ಹಳೇ ಕಥೆ



ಮದುವೆಯಾಗಿ ಮಕ್ಕಳಾದ ಮೇಲೆ ಮನಸ್ಸು ಬೆಳೆಯೋದು ಮುಗೀತು ಅಂತ ನಾವು ತಿಳಿದಿದ್ದೇವೆ. ಅದು ಸಾಯುವ ತನಕ ಬೆಳೆಯುತ್ತದೆ ಎಂದು ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್‌ಸನ್ 1950ರಲ್ಲಿ ಬರೆದರು. ಅದಕ್ಕೆ 8 ಹಂತಗಳನ್ನು ಗುರುತಿಸಿದರು. ಅತ್ತಾಗ ಎತ್ತಿಕೊಂಡ ಕೂಸಿಗೆ ಜನರ ಮೇಲೆ ನಂಬಿಕೆ ಹುಟ್ಟುತ್ತದೆ. ತಾನೇ ಉಣ್ಣಲು ಹೋಗಿ ಅನ್ನ ಚೆಲ್ಲಿದ ಎರಡು ವರ್ಷದ ಮಗುವನ್ನು ದಿನಾ ಬೈದರೆ ಅದು ತನ್ನ ಮೇಲೆಯೇ ಅನುಮಾನ ಪಡುತ್ತದೆ. ಮುಂದೆ ಶಾಲೆ, ಹರೆಯ, ಸಂಸಾರ.

ನಾವು ಮರೆಯುವುದು ಕೊನೆಯ ಹಂತವನ್ನು. ವಯಸ್ಸಾದವರು ಹಿಂತಿರುಗಿ ನೋಡುತ್ತಾರೆ. 'ಕಷ್ಟವೋ ಸುಖವೋ, ನನ್ನ ಬಾಳು ನಾನು ಬಾಳಿದೆ' ಎಂಬ ಸಮಾಧಾನ ಸಿಗಬೇಕು, ಸಿಗದಿದ್ದರೆ ಹತಾಶೆ. ಅತ್ತೆ ಬರಗಾಲದ ಕಥೆ, ಸತ್ತ ಕೂಸಿನ ಕಥೆ ಹತ್ತನೇ ಸಲ ಹೇಳುವುದರಲ್ಲಿ ಈ ಹುಡುಕಾಟವೂ ಇರುತ್ತದೆ. ನಾವೋ, "ಸಾಕು ಸುಮ್ನಿರಿ ಅತ್ತೆ, ಅದೇ ರಾಗ" ಅಂತೀವಿ. ಸಿಸ್ಟರುಗಳಾದ ನಾವೇನೂ ಕಡಿಮೆಯಿಲ್ಲ. ಮನೆಭೇಟಿಗೆ ಬಂದು ಸಾಲದ ಪುಸ್ತಕ ನೋಡಿ, ಜಗಲಿಯ ಅಜ್ಜಿಗೆ ನಮಸ್ಕಾರ ಹೇಳಿ ಎದ್ದು ಹೋಗಿದ್ದೇವೆ.

ಮರೆವು ಹೆಚ್ಚಾದರೆ, ಊಟ ಬಿಟ್ಟರೆ ಮಾತ್ರ 'ವಯಸ್ಸಾಯ್ತು' ಎನ್ನದೆ ಡಾಕ್ಟರಿಗೆ ತೋರಿಸಿ.

ಮುಂದಿನ ವಾರದ ಸಭೆಗೆ ಅತ್ತೆಯನ್ನೋ ಅಮ್ಮನನ್ನೋ ಕರೆತನ್ನಿ. ಮೊದಲು ಅವರ ಮಾತು ಕೇಳೋಣ, ಉಳಿತಾಯದ ಲೆಕ್ಕ ಆಮೇಲೆ ಬರೆಯೋಣ.